ಕೈಲಿದ್ದ ಫ್ಲಶ್

ಅಕ್ಟೋಬರ್ 22, ಮಂಗಳವಾರ. ಮಧ್ಯಾಹ್ನ

ಮತ್ತೆ ಅದೇ ಕ್ಯಾಸಿನೋ, ಅದೇ ಸ್ನ್ಯಾಕ್ ಬಾರ್. ಅದೇ ಅಲುಗಾಡುವ ಸ್ಟೂಲ್. "ಅರ್ಧ ಗಂಟೆ ಅಷ್ಟೇ ಮರಿ" ಅಂದು ಹೋದ ಟೂಟು ಜೂಜಿನ ಮಷೀನಿನ ಮುಂದಿನಿಂದ ಇನ್ನೂ ಎದ್ದಿಲ್ಲ. ಇಲ್ಲಿಂದ ಅವರ ಬೆನ್ನು ಕಾಣುತ್ತದೆ — ನೇರಳೆ ಹೂವಿನ ಶರಟು, ಬಿಳಿ ಕೂದಲಿಗೆ ಸಿಕ್ಕಿಸಿದ ಪ್ಲಾಸ್ಟಿಕ್ ದಾಸವಾಳ. ಬೆನ್ನು ನೋಡಿದರೇ ಗೊತ್ತಾಗುತ್ತದೆ, ಸೋಲುತ್ತಿದ್ದಾರೆ. ಗೆದ್ದಾಗ ಆ ಬೆನ್ನು ಕುಣಿಯುತ್ತದೆ.

ಟೂಟು ಅಂದರೆ ನನ್ನ ಗಂಡನ ಅಜ್ಜಿ. ನನ್ನ ಗಂಡ!! ಐದು ವಾರ ಆಯಿತು, ಆ ಪದ ಬರೆಯುವಾಗ ಈಗಲೂ ಕೆನ್ನೆ ಬಿಸಿಯಾಗುತ್ತದೆ. ನೈನೋವಾ. ಲಾಸ್ ವೇಗಸ್ಸಿನ ಅರ್ಧ ಊರಿನ ಏ.ಸಿ. ರಿಪೇರಿ ಮಾಡುತ್ತಾನೆ, ನಮ್ಮ ಮನೆಯದು ಮಾತ್ರ ಗೊರಕೆ ಹೊಡೆಯುತ್ತದೆ. ಆದರೂ ನನ್ನ ಗಂಡ. ಇವತ್ತು ಬೆಳಿಗ್ಗೆ ನನ್ನ ಲಂಚ್ ಬಾಕ್ಸಿನಲ್ಲಿ ಸ್ಪ್ಯಾಮ್ ಮುಸುಬಿ ಅನ್ನುವ ಮಾಂಸದ ಅನ್ನದುಂಡೆ ಜೊತೆ ಹೃದಯದ ಆಕಾರಕ್ಕೆ ಕತ್ತರಿಸಿದ ಮೂಲಂಗಿ ಇಟ್ಟಿದ್ದ. ಮೂಲಂಗಿ! ಯಾರಿಗೂ ತಿನ್ನಲು ಕೊಡಲಿಲ್ಲ. ನಾನೂ ತಿನ್ನಲಿಲ್ಲ.

ಎದ್ದು ಟೂಟು ಹತ್ತಿರ ಹೋದೆ. ಗಾರ್ಡ್ ಬಂದ. ಐ.ಡಿ. ಕೇಳಿದ, ನೋಡಿದ, ನಕ್ಕ.

"ಇಪ್ಪತ್ತೊಂದಾಗಿಲ್ಲ ಮೇಡಂ. ಕಾರ್ಪೆಟ್ ಮೇಲೆ ಬರ್ಬೇಡಿ. ಈ ಕಲ್ಲಿನ ದಾರಿ ಮೇಲೆ ನಡೀಬಹುದು. ನಿಲ್ಲೋ ಹಾಗಿಲ್ಲ."

"ನಿಲ್ದೆ ಅಜ್ಜೀನ ಹೇಗ್ರೀ ಕರೀಲಿ?"

"ನಡೀತಾ ಕರೀರಿ."

ಹಾಗಾಗಿ ನಡೆಯುತ್ತಾ ಕರೆದೆ. ಆಚೆಗೊಮ್ಮೆ, ಈಚೆಗೊಮ್ಮೆ. ಮೆರವಣಿಗೆ ಆನೆಯ ಹಾಗೆ. ಟೂಟು ತಿರುಗಿ ನೋಡಿ ಕೈಬೀಸಿದರು, ಮತ್ತೆ ಆಟಕ್ಕೆ ಇಳಿದರು!

ಮದುವೆ ಆಗಬಹುದು. ವೋಟು ಹಾಕಬಹುದು. ಕಾರ್ ಸಾಲ ತೀರಿಸಬಹುದು. ಒಂದು ಗುಂಡಿ ಒತ್ತುವ ಹಾಗಿಲ್ಲ. ನವೆಂಬರ್ 19ರವರೆಗೆ ನಾನು ಮಗು.

ಅಕ್ಟೋಬರ್ 24, ಗುರುವಾರ. ಊಟದ ನಂತರ

ತಲೆ ಚಿಟ್ಟು ಹಿಡಿದಿದೆ. ಊಟದ ಮೇಜಿನ ಮೇಲೆ ಮತ್ತೆ ಪೋಕರ್ ಪಾಠ. ನೈನೋವಾ ಅನ್ನದ ತಟ್ಟೆ ಸರಿಸಿ ಇಸ್ಪೀಟೆಲೆ ಹರವಿದ.

ವಿಷಯ ಇಷ್ಟು. ಮಷೀನು ಐದು ಎಲೆ ಕೊಡುತ್ತದೆ. ಬೇಕಾದ್ದಕ್ಕೆ 'ಹೋಲ್ಡ್' ಒತ್ತಿ ಇಟ್ಟುಕೊಂಡು, 'ಡ್ರಾ' ಒತ್ತಿ ಬೇಡದ್ದು ಎಸೆಯಬೇಕು, ಬದಲಿಗೆ ಹೊಸ ಎಲೆ ಬರುತ್ತದೆ, ಒಂದೇ ಸಲ. ಯಾವ ಐದೆಲೆಯ ಕೈಗೆ ಎಷ್ಟು ದುಡ್ಡು ಅಂತ ಗಾಜಿನ ಮೇಲೆ ಬರೆದಿರುತ್ತದೆ. ಟೂಟುಗೆ ನಾಲ್ಕು ಎಕ್ಕದ ಮಷೀನಿನ ಹುಚ್ಚು. ನಾಲ್ಕು ಎಕ್ಕ ಬಿದ್ದರೆ ದುಡ್ಡೋ ದುಡ್ಡು.

"ಆದ್ರೆ ಟೂಟು, ಅದ್ರಲ್ಲಿ ಎರಡು ಜೋಡಿ ಬಂದ್ರೆ ಹಾಕಿದ್ದೇ ವಾಪಸ್. ಬೇರೆದ್ರಲ್ಲಿ ದುಪ್ಪಟ್ಟು. ಎರಡು ಜೋಡಿ ದಿನಾ ಬರುತ್ತೆ, ನಾಲ್ಕು ಎಕ್ಕ ಯಾವಾಗ್ಲೋ. ನಿಮ್ಮ ದಿನದ ಅನ್ನ ಕಿತ್ಕೊಂಡು ಹಬ್ಬದ ಊಟ ತೋರಿಸ್ತಿದಾರೆ ಅಷ್ಟೇ."

"ಹಬ್ಬ ಬೇಡ್ವೇನೋ ಮನುಷ್ಯಂಗೆ?"

"ಸಾದಾ ಮಷೀನ್ ಆಡಿ. ಅದ್ರಲ್ಲೂ ಕಾಲು ಡಾಲರಿಂದು ಬೇಡ, ಫುಲ್ ಹೌಸಿಗೆ ಎಂಟರಷ್ಟು, ಫ್ಲಶ್ಶಿಗೆ ಐದರಷ್ಟು ಮಾಡಿಟ್ಟಿದಾರೆ. ಒಂದು ಡಾಲರಿಂದ್ರಲ್ಲಿ ಒಂಬತ್ತು, ಆರು. ಅದೇ ಆಟ, ಅದೇ ಎಲೆ. ಒಂದಾಟಕ್ಕೆ ಐದು ನಾಣ್ಯ ಹಾಕ್ಬೇಕಲ್ಲ, ಲೆಕ್ಕ ಹಾಕಿದ್ರೆ ಐದು ಡಾಲರ್ ಹಾಕೋ ಮಷೀನಲ್ಲಿ ಕಾಲು ಡಾಲರಿಂದಕ್ಕಿಂತ ಸರಾಸರಿ ಕಮ್ಮಿ ಹೋಗುತ್ತೆ!"

ಎಷ್ಟು ಖುಷಿ ಅವನಿಗೆ. ಕಣ್ಣು ಮಿಂಚುತ್ತಿತ್ತು. ಮುದ್ದಾಗಿಯೂ ಇದ್ದ, ಒದೆಯಬೇಕು ಅಂತಲೂ ಅನ್ನಿಸಿತು.

ಆಮೇಲೆ ಪ್ರಶ್ನೆ ಹಾಕಿದ. ಒಂದೇ ಜಾತಿಯ ಐದು ಎಲೆ ಬಂದಿದೆ, ಅಂದರೆ ಫ್ಲಶ್, ಖಚಿತವಾಗಿ ಮೂವತ್ತು ಡಾಲರ್. ಆದರೆ ಅದರಲ್ಲಿ ನಾಲ್ಕು ಎಲೆ ಎಕ್ಕ, ರಾಜ, ರಾಣಿ, ಗುಲಾಮ. ಅದೇ ಜಾತಿಯ ಹತ್ತು ಬಂದರೆ ರಾಯಲ್ ಫ್ಲಶ್ — ನಾಲ್ಕು ಸಾವಿರ! ಏನು ಮಾಡುತ್ತೀರಿ?

"ಮೂವತ್ತು ಇಟ್ಕೋತೀನಿ" ಅಂದರು ಟೂಟು, ಸೊಪ್ಪು ಅಗಿಯುತ್ತಾ.

"ತಪ್ಪು! ಐದನೇ ಎಲೆ ಎಸೀಬೇಕು. ನಲವತ್ತೇಳರಲ್ಲಿ ಒಂದ್ಸಲ ಹತ್ತು ಬರುತ್ತೆ. ಸರಾಸರಿ ತೊಂಬತ್ತೆರಡು ಡಾಲರ್."

"ಸರಾಸರಿ ತಗೊಂಡು ಏರ್‌ಲೈನಿನವರ ಹತ್ರ ಹೋಗ್ಲಾ? ಅಮ್ಮಾ, ಒಂದು ಸರಾಸರಿ ಕೊಡ್ತೀನಿ, ಹೀಲೋಗೆ ಮೂರು ಟಿಕೆಟ್ ಕೊಡಿ ಅನ್ಲಾ?"

ಇದು ಬೇರೆ. ಹೀಲೋ, ಹವಾಯಿಯಲ್ಲಿರುವ ಇವರ ಊರು. ಟೂಟುವಿನ ಅಕ್ಕ ಲೋಕೆ ಅಲ್ಲಿ ಹಾಸಿಗೆ ಹಿಡಿದಿದ್ದಾರೆ, ಎಂಬತ್ತೆಂಟು. ನೈನೋವಾನ ಅಮ್ಮ ಇಲ್ಲಿ ದುಡಿಯಲು ಬಂದಾಗ ಅವನನ್ನು ಆರು ವರ್ಷ ಸಾಕಿದವರು. ನಮ್ಮ ಮದುವೆ ಚಾಪೆಲ್ಲಿನಲ್ಲಿ ಹತ್ತು ನಿಮಿಷಕ್ಕೆ ಮುಗಿಯಿತು. ಮದುಮಗಳ ಕೊರಳಿಗೆ ಲೋಕೆ ಕೈಯಿಂದ ಲೇ ಹಾರ ಬೀಳದೆ ಮದುವೆ ಪೂರ್ತಿ ಆಗಿಲ್ಲ ಅನ್ನುವುದು ಟೂಟು ವಾದ. ಒಂದು ಟಿಕೆಟ್ಟಿನ ದುಡ್ಡು ಅವರ ಹಳೇ ಮ್ಯಾಕಡಾಮಿಯಾ ಬೀಜದ ಡಬ್ಬದಲ್ಲಿ ಇದೆ. ಬೇಕಾದದ್ದು ಮೂರು.

"ನೀವೊಬ್ರೇ ಹೋಗಿ ಬನ್ನಿ ಟೂಟು" ಅಂದ ನೈನೋವಾ. "ಲೋಕೆಗೆ ದಿನ ಜಾಸ್ತಿ ಇಲ್ಲ ಅಂತಿದಾರೆ."

"ಮದುಮಗಳಿಲ್ದೆ ನಾನೊಬ್ಳೇ ಹೋಗಿ ಏನೋ ತೋರಿಸ್ಲಿ? ನನ್ನ ಮಂಡಿನಾ?"

ಹಾಗಾಗಿ ಆ ಒಂದು ಟಿಕೆಟ್ಟು ದಿನಾ ಸ್ವಲ್ಪ ಸ್ವಲ್ಪವಾಗಿ ಮಷೀನಿಗೆ ಹೋಗುತ್ತಿದೆ, ಮೂರಾಗಿ ಬರಲಿ ಅಂತ.

ಅಕ್ಟೋಬರ್ 29

ಸ್ನ್ಯಾಕ್ ಬಾರ್. ಸ್ಟೂಲ್. ಎತ್ತಿನ ಬಾಲದ ಸೂಪು ತಣ್ಣಗಾಯಿತು. ಟೂಟು ಬೆನ್ನು ಕುಣಿಯುತ್ತಿಲ್ಲ.

ನವೆಂಬರ್ 7, ಗುರುವಾರ

ಮೊದಲ ಜಗಳ!! ನನ್ನ ಮದುವೆಯ ಮೊದಲ ಜಗಳ, ಅದೂ ಇಸ್ಪೀಟಿಗಾಗಿ. ಬರೆದಿಡಲೇಬೇಕು.

ಟೂಟು ಒಂದು ಡಾಲರಿನ ಮಷೀನಿಗೆ ಬಡ್ತಿ ಪಡೆದಿದ್ದಾರೆ. ಸಾದಾ ಆಟ, ಒಂಬತ್ತು-ಆರು, ನೈನೋವಾ ಹೇಳಿದ್ದೇ. ನಿನ್ನೆ ಒಂದೇ ಮಧ್ಯಾಹ್ನಕ್ಕೆ ಡಬ್ಬ ಅರ್ಧ ಆಯಿತು. ಸಂಜೆ ಅವನು ಕೂಗಾಡಿದ.

"ನಾನು ಗಣಿತ ಹೇಳಿದ್ದು ಟೂಟು! ಆಡಿ ಅಂತ ಹೇಳಿದ್ನಾ?"

"ಕಮ್ಮಿ ಹೋಗುತ್ತೆ ಅಂದೆಯಲ್ಲೋ."

"ಸರಾಸರಿ! ವರ್ಷಗಟ್ಟಲೆ ಆಡಿದ್ರೆ! ಅಲ್ಲೀತನಕ ಒಂದಿನ ಮೇಲೆ, ಒಂದಿನ ಪಾತಾಳ. ಅದನ್ನ ತಡ್ಕೊಳ್ಳೋಕೆ ಗಂಟು ಬೇಕು!"

"ಅದನ್ನ ಮೊದ್ಲೇ ಹೇಳ್ಬೇಕಿತ್ತು. ಡಾಕ್ಟ್ರು ಮಾತ್ರೆ ಕೊಟ್ಟು ತಲೆ ಸುತ್ತುತ್ತೆ ಅಂತ ಆಮೇಲೆ ಹೇಳಿದ್ರೆ ಹೇಗೆ?"

ನಾನು ನಕ್ಕುಬಿಟ್ಟೆ. ಅವನು ನನ್ನತ್ತ ತಿರುಗಿದ. ದಿನಾ ಕರೆದುಕೊಂಡು ಹೋಗುವವಳು ನೀನು, ಎಬ್ಬಿಸಿಕೊಂಡು ಬರೋಕೆ ಆಗಲ್ವಾ ಅಂದ. ಹೇಗೆ ಎಬ್ಬಿಸಲಿ? ನಡೀತಾ ಎಬ್ಬಿಸ್ಲಾ? ನಿನ್ನ ಸರಾಸರಿನ ಕಳಿಸು, ಅದು ಎಬ್ಬಿಸುತ್ತೆ ಅಂದೆ. ಬಾಗಿಲು ಹಾಕಿಕೊಂಡೆ. ಬಾಗಿಲ ಕೆಳಗಿನಿಂದ ಒಂದು ಎಲೆ ತೂರಿ ಬಂತು — ಆಟೀನ್ ರಾಣಿ. ಹಿಂದುಗಡೆ ಸ್ಕೆಚ್ ಪೆನ್ನಿನಲ್ಲಿ 'ಸಾರಿ'.

ಪೂರ್ತಿ ಸೆಟ್ಟೇ ಹಾಳು ಮಾಡಿದ್ದಾನೆ. ಮುತ್ತು ಕೊಟ್ಟೆ. ಎಲೆಗಲ್ಲ, ಅವನಿಗೆ. ಸರಿ, ಎಲೆಗೂ.

ನವೆಂಬರ್ 15, ಶುಕ್ರವಾರ

ಇವತ್ತು ಏನೂ ಬರೆಯಲ್ಲ. ಬೆರಳು ಕತ್ತರಿಸಿ ಬಿಸಾಕಬೇಕು ಅನ್ನಿಸುತ್ತಿದೆ. ಬಲಗೈಯದು. ತೋರುಬೆರಳು.

ನವೆಂಬರ್ 16, ಶನಿವಾರ. ಬೆಳಿಗ್ಗೆ

ಬರೆಯುತ್ತೇನೆ. ಇಲ್ಲದಿದ್ದರೆ ತಲೆಯೊಳಗೆ ಅದೇ ಸಂಗೀತ ಬಡಿದುಕೊಳ್ಳುತ್ತಿದೆ.

ನಿನ್ನೆ ನೈನೋವಾನೂ ಬಂದಿದ್ದ, ಕೆಲಸ ಬೇಗ ಮುಗಿದಿತ್ತು. ಟೂಟುವನ್ನು ಎಬ್ಬಿಸಿ ಮನೆಗೆ ಕರೆದೊಯ್ಯುವ ಪ್ಲಾನ್. ಅವನು ಕಾರ್ ತರಲು ಪಾರ್ಕಿಂಗಿಗೆ ಹೋದ. "ನೀನು ಹೋಗಿ ಕರ್ಕೊಂಡು ಬಾ, ಬಾಗಿಲ ಮುಂದೆ ಎರಡು ನಿಮಿಷಕ್ಕಿಂತ ನಿಲ್ಸೋಕೆ ಬಿಡಲ್ಲ" ಅಂದ.

ಗಾರ್ಡ್ ಕಾಣಲಿಲ್ಲ. ಕಾರ್ಪೆಟ್ ದಾಟಿ ಟೂಟು ಪಕ್ಕಕ್ಕೇ ಹೋದೆ.

"ಟೂಟು, ಏಳಿ. ಕಾರ್ ಬಂತು."

"ಇದೊಂದೇ ಮರಿ. ಕೊನೇ ಐದು ಡಾಲರ್. ಡಬ್ಬ ಖಾಲಿ."

ಡಬ್ಬ ಖಾಲಿ ಅನ್ನುವುದನ್ನು ಉಪ್ಪು ಖಾಲಿ ಅನ್ನುವ ಹಾಗೆ ಹೇಳಿದರು. ಗುಂಡಿ ಒತ್ತಿದರು. ಎಲೆ ಬಿದ್ದವು. ಆಟೀನ್ ಎಕ್ಕ. ಆಟೀನ್ ರಾಜ. ಆಟೀನ್ ನಾಲ್ಕು. ಆಟೀನ್ ರಾಣಿ. ಆಟೀನ್ ಗುಲಾಮ.

ಊಟದ ಮೇಜಿನ ಪ್ರಶ್ನೆ! ಅದೇ! ಸೊಪ್ಪು ಮಾತ್ರ ಇರಲಿಲ್ಲ.

"ಫ್ಲಶ್!" ಅಂದರು ಟೂಟು. ಐದಕ್ಕೂ ಹೋಲ್ಡ್ ಹಾಕಿಬಿಟ್ಟರು. "ಮೂವತ್ತು ಡಾಲರ್! ನೋಡ್ದ್ಯಾ?"

"ಟೂಟು, ನಾಲ್ಕನ್ನ ಎಸೀರಿ."

"ಹುಚ್ಚಾ ನಿನಗೆ? ಕೈಲಿರೋದನ್ನ?"

"ನೈನೋವಾ ಹೇಳಿದ್ನಲ್ಲ—"

"ನೈನೋವಾ ಕಾರ್ ತರೋಕೆ ಹೋಗಿದಾನೆ. ಸರಾಸರಿನೂ ಜೊತೆಗೆ ಕರ್ಕೊಂಡು ಹೋಗಿದಾನೆ."

ಆದರೂ ಡ್ರಾ ಗುಂಡಿ ಒತ್ತಲಿಲ್ಲ. ಬೆರಳು ಗುಂಡಿಯ ಮೇಲೆ ಹೋಯಿತು, ಹಿಂದೆ ಬಂತು. ನಾಲ್ಕರ ಹೋಲ್ಡ್ ತೆಗೆದರು. ಮತ್ತೆ ಹಾಕಿದರು. "ಏನ್ ಮಾಡ್ಲಿ ಮರಿ? ಏನ್ ಮಾಡ್ಲಿ?" ನನ್ನ ಫೋನು ಹೊಡೆದುಕೊಳ್ಳುತ್ತಿತ್ತು, ಹೊರಗೆ ನೈನೋವಾನ ಹಾರನ್, ಇಷ್ಟು ದಿನದ ಸ್ಟೂಲು, ಸೂಪು, ಬೆನ್ನು, ಎಲ್ಲ ಒಟ್ಟಿಗೆ ತಲೆಗೇರಿತು.

ಕೈ ಚಾಚಿದೆ. ನಾಲ್ಕರ ಹೋಲ್ಡ್ ತೆಗೆದೆ. ಡ್ರಾ ಒತ್ತಿದೆ.

ಆಟೀನ್ ಹತ್ತು.

ದೇವರಾಣೆ, ಹತ್ತು ಬಿತ್ತು.

ಮಷೀನು ಹಾಡಲು ಶುರು. ಮೇಲಿನ ದೀಪ ತಿರುಗಿತು. ಟೂಟು ನನ್ನನ್ನು ತಬ್ಬಿಕೊಂಡು ಕಿರುಚಿದರು, ಇಡೀ ಸಾಲು ಎದ್ದು ಚಪ್ಪಾಳೆ. ಕಾಲು ಡಾಲರಿನ ಮಷೀನಾಗಿದ್ದರೆ ಒಂದು ಚೀಟಿ ಉಗುಳಿ ಸುಮ್ಮನಾಗುತ್ತಿತ್ತು, ಯಾರೂ ತಿರುಗಿ ನೋಡುತ್ತಿರಲಿಲ್ಲ. ಇದು ದೊಡ್ಡ ಮೊತ್ತ. ಮಷೀನು ಲಾಕ್ ಆಗುತ್ತದೆ, ಮನುಷ್ಯರು ಬಂದು ಕೈಗೆ ಕೊಡಬೇಕು. ಡೆನೀಸ್ ಅನ್ನುವವಳು ಬಂದಳು, ನಗುನಗುತ್ತಾ.

"ಕಂಗ್ರಾಜುಲೇಷನ್ಸ್! ಡ್ರಾ ಒತ್ತಿದ್ದು ಯಾರು? ದುಡ್ಡು ಯಾರೇ ಹಾಕಿರ್ಲಿ, ಒತ್ತಿದವರದೇ ಜಾಕ್‌ಪಾಟ್. ಅವರ ಲೈಸೆನ್ಸ್ ಕೊಡಿ."

ನಾನು ಬಾಯಿ ತೆರೆಯುವ ಮೊದಲೇ ಟೂಟು ನನ್ನ ಬೆರಳನ್ನು ಹಿಡಿದು ಮೇಲೆತ್ತಿದರು, ಕುಸ್ತಿಯಲ್ಲಿ ಗೆದ್ದವರ ಕೈ ಎತ್ತುವ ಹಾಗೆ.

"ಇವಳು! ನನ್ನ ಮೊಮ್ಮಗನ ಹೆಂಡ್ತಿ! ನಾನು ಎಸೀತಾನೇ ಇರ್ಲಿಲ್ಲ, ಇವಳೇ ಎಸೆದಿದ್ದು! ಏನ್ ಕೈಗುಣ ನೋಡಿ! ಇವಳ ಹೆಸರಿಗೇ ಬರೀರಿ, ಮದುವೆ ಉಡುಗೊರೆ!"

ಅಲ್ಲಿಗೇ ನಿಲ್ಲಿಸಲಿಲ್ಲ. ಫೋನ್ ತೆಗೆದು ಹೀಲೋಗೆ ಹಚ್ಚಿಬಿಟ್ಟರು. "ಲೋಕೆ! ಲೋಕೆ, ಎದ್ದಿದೀಯಾ? ಬರ್ತಿದೀವಿ ಕಣೇ! ಮೂರೂ ಜನ!"

ಡೆನೀಸ್ ನನ್ನ ಲೈಸೆನ್ಸ್ ನೋಡುತ್ತಿದ್ದಳು. ಅವಳ ನಗು ನಿಧಾನಕ್ಕೆ ಇಳಿಯಿತು. ಇನ್ನೊಮ್ಮೆ ಹುಟ್ಟಿದ ದಿನ ನೋಡಿದಳು. ನನ್ನನ್ನು ನೋಡಿದಳು.

"ಅಯ್ಯೋ, ಹನೀ" ಅಂದಳು.

ನಾಲ್ಕು ದಿನ. ನಾಲ್ಕೇ ದಿನಕ್ಕೆ ಇಪ್ಪತ್ತೊಂದು.

ನವೆಂಬರ್ 17, ಭಾನುವಾರ

ಆಟ ರದ್ದು. ಜೂಜು ನೋಡಿಕೊಳ್ಳುವ ಸರ್ಕಾರಿ ಗೇಮಿಂಗ್ ಬೋರ್ಡಿನ ಏಜೆಂಟ್ ನಾಳೆ ಬಂದು ಹೇಳಿಕೆ ತೆಗೆದುಕೊಳ್ಳುತ್ತಾರಂತೆ.

ನೈನೋವಾ ಬೆಳಿಗ್ಗೆಯಿಂದ ಓಡಾಡುತ್ತಿದ್ದಾನೆ. "ಟೂಟು ಒತ್ತಿದ್ರು ಅಂದ್ಬಿಡೋಣ. ಖುಷೀಲಿ ಬಾಯಿ ತಪ್ಪಿ ಏನೋ ಅಂದ್ರು ಅನ್ನೋಣ. ಸಿಕ್ಕಿದ್ರೆ ನಾಲ್ಕು ಸಾವಿರ. ಸಿಗ್ಲಿಲ್ಲ ಅಂದ್ರೆ..."

"ಸಿಗ್ಲಿಲ್ಲ ಅಂದ್ರೆ ಕ್ಯಾಮೆರಾ ಇದೆ, ಪೊಲೀಸ್ ಇದೆ" ಅಂದೆ. "ನಿನ್ನ ಸರಾಸರೀಲಿ ಜೈಲಿಗೆ ಎಷ್ಟು?"

ಟೂಟು ಶುಕ್ರವಾರದಿಂದಲೂ ಕೂದಲಿಗೆ ದಾಸವಾಳ ಸಿಕ್ಕಿಸಿಲ್ಲ. ಲೋಕೆಗೆ ಮತ್ತೆ ಫೋನ್ ಮಾಡಿ ಬರಲ್ಲ ಅಂತ ಹೇಳುವುದಕ್ಕೆ ಆಗಿಲ್ಲ ಅವರಿಗೆ. ಫೋನು ತೊಡೆಯ ಮೇಲೆ ಇಟ್ಟುಕೊಂಡೇ ಇರುತ್ತಾರೆ.

"ನಾನು ಒತ್ತಿದೆ ಅಂತ ಹೇಳಲ್ಲ" ಅಂದರು. "ಇಡೀ ಸಾಲಿಗೆ ಕೂಗಿ ಹೇಳಿದೀನಿ. ಅಲ್ದೆ ನಾನು ಆ ನಾಲ್ಕನ್ನ ಎಸೀತಿರ್ಲಿಲ್ಲ ಕಣೋ. ನಾನು ಪುಕ್ಕಲಿ. ಪುಕ್ಕಲಿ ಅಲ್ಲ ಅಂತ ಸುಳ್ಳು ಹೇಳ್ಲಾ ಈ ವಯಸ್ನಲ್ಲಿ?"

ನಾನು ಅಳುತ್ತಾ ಪಾತ್ರೆ ತೊಳೆದೆ. ತೊಳೆದದ್ದನ್ನೇ ಮತ್ತೆ ತೊಳೆದೆ.

ನವೆಂಬರ್ 18, ಸೋಮವಾರ. ಸಂಜೆ

ಏಜೆಂಟ್ ಹೆಸರು ಬ್ರಾಂಟ್. ಬಡಕಲು, ಮೃದು ಮಾತು, ಬೆಲ್ಟಿಗೆ ಹೆಚ್ಚುವರಿ ತೂತು. ಕ್ಯಾಸಿನೋದ ಹಿಂದಿನ ಕೋಣೆ. ಮ್ಯಾನೇಜರೂ ಇದ್ದಳು. ಗುಂಡಿ ಒತ್ತಿದ್ದು ಯಾರು ಅಂತ ಕೇಳಿದ.

"ನಾನು" ಅಂದೆ. ಎಷ್ಟು ಜೋರಾಗಿ ಅಂದೆನೆಂದರೆ ಅವನು ಪೆನ್ನು ಬೀಳಿಸಿದ.

ಎಚ್ಚರಿಕೆ ಕೊಟ್ಟ, ಕೇಸು ಹಾಕಲಿಲ್ಲ. "ಅಪ್ರಾಪ್ತರು ಒತ್ತಿದ್ದು ಲೆಕ್ಕಕ್ಕಿಲ್ಲ. ಒತ್ತೇ ಇಲ್ಲ ಅನ್ನೋ ಹಾಗೆ. ಅಜ್ಜಿಯ ಐದು ಡಾಲರ್ ವಾಪಸ್ ಕೊಡ್ತಾರೆ." ಎದ್ದು ನಿಂತ.

"ಕೂತ್ಕೊಳಪ್ಪ" ಅಂದರು ಟೂಟು.

ಕೂತುಬಿಟ್ಟ!

"ಇವಳು ಒತ್ತೇ ಇಲ್ಲ ಅಂದೆ ಅಲ್ವಾ?"

"ಕಾನೂನಿನ ಪ್ರಕಾರ, ಹೌದಮ್ಮ."

"ಎಲೆ ಹಂಚೋ ಗುಂಡಿ ಒತ್ತಿದ್ದು ನಾನು. ನನಗೆ ಎಪ್ಪತ್ತೊಂಬತ್ತು. ಇಪ್ಪತ್ತೊಂದು ಆಗಿ ಬಹಳ ದಿನ ಆಯ್ತು, ಬೇಕಾದ್ರೆ ಲೈಸೆನ್ಸ್ ನೋಡು, ಫೋಟೋ ಹಾಳಾಗಿದೆ ಆದ್ರೆ ನಾನೇ. ನಾನು ಒತ್ತಿದೆ, ಐದು ಆಟೀನ್ ಬಿತ್ತು. ಐದಕ್ಕೂ ಹೋಲ್ಡ್ ಹಾಕಿದೆ. ಆಮೇಲೆ ಯಾರೂ ಏನೂ ಒತ್ತಿಲ್ಲ, ನೀನೇ ಹೇಳ್ತಿದೀಯ. ಹಾಗಾದ್ರೆ ನನ್ನ ಫ್ಲಶ್ ಇನ್ನೂ ಅಲ್ಲೇ ಇದೆ. ನನ್ನ ಮೂವತ್ತು ಡಾಲರ್ ಕೊಡು."

ನೈನೋವಾ ನನ್ನ ಕೈ ಹಿಂಡುತ್ತಿದ್ದ. ಬ್ರಾಂಟ್ ಮ್ಯಾನೇಜರನ್ನು ನೋಡಿದ, ಮ್ಯಾನೇಜರ್ ಸೀಲಿಂಗನ್ನು ನೋಡಿದಳು.

"ಇದಕ್ಕೆ ನಮ್ಮ ಪುಸ್ತಕದಲ್ಲಿ ಉತ್ತರ ಇಲ್ಲಮ್ಮ" ಅಂದ ಕೊನೆಗೆ. "ಆದ್ರೆ ಕ್ಯಾಸಿನೋದವರು ತಾವಾಗೇ ಕೊಟ್ರೆ ನಾನು ಬೇಡ ಅನ್ನಲ್ಲ."

ಮ್ಯಾನೇಜರ್ ಒಂದು ಇಪ್ಪತ್ತರ, ಒಂದು ಹತ್ತರ ನೋಟು ತಂದಳು. ಟೂಟು ವಾಪಸ್ ಕಳಿಸಿದರು. "ಒಂದೊಂದರವೇ ಬೇಕು. ಹೊಸವು."

ನಾಲ್ಕು ಸಾವಿರ ಹೋಗಿದೆ, ಡಬ್ಬ ಹೋಗಿದೆ, ಹೀಲೋ ಹೋಗಿದೆ, ಇವರಿಗೆ ಹೊಸ ನೋಟು ಬೇಕಂತೆ! ಕಾರಿನಲ್ಲಿ ನನಗೆ ಹಣೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಕನ್ನಡಿಯಲ್ಲಿ ನೋಡಿದರೆ ಹಿಂದಿನ ಸೀಟಿನಲ್ಲಿ ಟೂಟು ಬೆನ್ನು ನೆಟ್ಟಗಿತ್ತು.

ನವೆಂಬರ್ 19, ಮಂಗಳವಾರ. ನನ್ನ ಬರ್ತ್‌ಡೇ

ಸ್ನ್ಯಾಕ್ ಬಾರಿನಲ್ಲೇ ಪಾರ್ಟಿ, ಇನ್ನೆಲ್ಲಿ! ಟೂಟು ಸಾಲಿನ ಆಂಟಿ-ಅಂಕಲ್‌ಗಳೆಲ್ಲ ಹಾಜರು. ಯಾರೋ ಗಾರ್ಡನ್ನೂ ಕರೆದಿದ್ದರು. ನನ್ನ ಐ.ಡಿ. ಮತ್ತೆ ಕೇಳಿದ, ನೋಡಿ ಸಲ್ಯೂಟ್ ಹೊಡೆದ.

ಆಮೇಲೆ ಟೂಟು ಬ್ಯಾಗಿನಿಂದ ತೆಗೆದರು. ಲೇ ಹಾರ. ಹೂವಿನದಲ್ಲ, ನೋಟಿನದು. ಹವಾಯಿಯವರು ಗ್ರಾಜುಯೇಷನ್ನಿಗೆ ಹಾಕುತ್ತಾರಲ್ಲ, ಹಾಗೆ ಒಂದೊಂದು ನೋಟನ್ನೂ ಹೂವಿನ ಹಾಗೆ ಮಡಚಿ, ರಿಬ್ಬನ್ನಿಗೆ ಪೋಣಿಸಿ. ಮೊದಲ ಮೂವತ್ತು ಹೂವು ಫ್ಲಶ್ಶಿನವು. ಮಿಕ್ಕಿದ್ದು ಸಾಲಿನವರದು. ಐದರ ನೋಟು, ಹತ್ತು, ಯಾರೋ ನೂರರದ್ದೂ ಮಡಚಿದ್ದರು. ನನ್ನ ಗಂಡ ತನ್ನ ಒಂದು ವಾರದ ಓವರ್‌ಟೈಮನ್ನು ಹೂವು ಮಾಡಿದ್ದ. ಗೊತ್ತೇ ಆಗದ ಹಾಗೆ! ಹಾರ ಮಂಡಿಯವರೆಗೆ ಬಂತು.

"ಒಂದು ಟಿಕೆಟ್ಟಿಗೆ ಆಗುತ್ತೆ" ಅಂದರು ಟೂಟು. "ನೀನು ಹೋಗು."

"ನಾನಾ? ನಿಮ್ಮಕ್ಕ ಟೂಟು! ನೀವು ಹೋಗ್ಬೇಕು!"

"ಅವಳು ನನ್ನ ಮುಖ ಎಪ್ಪತ್ತೊಂಬತ್ತು ವರ್ಷ ನೋಡಿದಾಳೆ. ಸಾಕಾಗಿರುತ್ತೆ. ಫೋನಲ್ಲಿ ಎಲ್ಲಾ ಹೇಳಾಯ್ತು, ಫ್ಲಶ್ಶಿನ ಕಥೆನೂ."

"ನನ್ನ ಮುಖಾನೂ ನೋಡಿದಾಳೆ" ಅಂದ ನೈನೋವಾ. "ಡಯಾಪರ್ ಸಮೇತ."

"ಟೂಟು, ಮುಂದಿನ ತಿಂಗಳು ಮೂರೂ ಜನ—"

"ಮೂರರ ಆಸೆಗೆ ಒಂದನ್ನ ಕಳೆದಾಯ್ತಲ್ಲ. ಈ ಸಲ ಒಂದನ್ನೇ ಹೋಲ್ಡ್ ಮಾಡ್ತೀನಿ. ಜಗಳ ಆಡ್ಬೇಡ, ನೋಟು ಉದುರುತ್ತೆ."

ಎಷ್ಟು ಹಟ! ಎಷ್ಟು ಹೇಳಿದರೂ ಕೇಳಲಿಲ್ಲ. ಸಿಟ್ಟು, ಅಳು, ಮೂಗಿನ ತುಂಬ ಕೇಕು. ಎಲ್ಲರೂ ಒಂದು ಗುಂಡಿ ಒತ್ತು, ಈಗ ಒತ್ತಬಹುದು ಅಂದರು. ಒತ್ತಲಿಲ್ಲ. ಬೆರಳಿಗೆ ರಜೆ.

ಡಿಸೆಂಬರ್ 3, ಮಂಗಳವಾರ. ಹೀಲೋ

ಲೋಕೆ ತೀರಾ ಸಣ್ಣಗಿದ್ದಾರೆ. ದಿಂಬಿನ ಮೇಲೆ ಬರೀ ಮೂಗು, ಕಣ್ಣು. ಚಪ್ಪಲಿ ಬಾಗಿಲಲ್ಲಿ ಬಿಟ್ಟು ಹಾಸಿಗೆ ಹತ್ತಿರ ಹೋದೆ.

ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಫ್ಲಶ್ ಎಸೆದವಳು ನೀನೇನಾ?"

"ಹೂಂ."

"ಒಳ್ಳೇದು ಮಾಡ್ದೆ. ನನ್ನ ತಂಗಿ ಚಿಕ್ಕಂದಿನಿಂದ ಪುಕ್ಕಲಿ. ಬಾ, ಬಗ್ಗು."

ಪಕ್ಕದ ಮನೆಯವರು ಬೆಳಿಗ್ಗೆ ಕಟ್ಟಿಕೊಟ್ಟ ಹೂವಿನ ಲೇ ಅವರ ಹೊಟ್ಟೆಯ ಮೇಲಿತ್ತು. ಕೈ ಮೇಲೇಳುತ್ತಿರಲಿಲ್ಲ. ಬಗ್ಗಿದೆ. ಇನ್ನೂ ಬಗ್ಗಿದೆ. ಹಾಸಿಗೆ ಪಕ್ಕ ಮಂಡಿಯೂರಿ ತಲೆಯನ್ನು ಅವರ ಕೈಗೇ ಒಯ್ದೆ. ದಿಂಬಿಗೆ ಒರಗಿಸಿದ್ದ ಫೋನಿನೊಳಗೆ, ವೇಗಸ್ಸಿನ ಮನೆಯಿಂದ, ಟೂಟು ಕಿರುಚುತ್ತಿದ್ದರು, "ಹಾಕಿದ್ಳಾ? ಹಾಕಿದ್ಳಾ? ನೈನೋವಾ, ಸ್ಕ್ರೀನ್ ಮೇಲಿಂದ ನಿನ್ನ ಹೆಬ್ಬೆಟ್ಟು ತೆಗಿಯೋ, ಏನೂ ಕಾಣ್ತಿಲ್ಲ!"

ಹಾಕಿದರು.

ಈಗ ನಿದ್ದೆ ಹೋಗಿದ್ದಾರೆ. ಎಡಗೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಎಲ್ಲೆಲ್ಲೋ ಹೋಗುತ್ತಿದೆ. ಬಲಗೈಯ ತೋರುಬೆರಳನ್ನು ಲೋಕೆ ಮುಷ್ಟಿಯಲ್ಲಿ ಹಿಡಿದುಕೊಂಡು ಬಿಡುತ್ತಲೇ ಇಲ್ಲ. ಎಳೆದುಕೊಳ್ಳಲು ಹೋದರೆ ಇನ್ನೂ ಬಿಗಿ. ಕಾಲು ಜೋಮು ಹಿಡಿದಿದೆ, ಹಸಿವು ಬೇರೆ, ಆದರೆ ಹೇಗೆ ಏಳ... ಕಣ್ಣು ಬಿಟ್ಟರು. ಏನೋ ಕೇಳುತ್ತಿದ್ದಾರೆ, ನೈನೋವಾ ಈಗಲೂ ಮೂಲಂಗಿ ತಿನ್ನಲ್ವಾ ಅಂತ! ಅಂದರೆ ನನ್ನ ಬಾಕ್ಸಿನ ಆ ಹೃದಯ—